ಮೂರು ಮಾತ್ರೆಯ ಪಾಂಡಿತ್ಯ

ಐದಾರು ದಿನಗಳಿಂದ ಕೆಮ್ಮು, ಕೆಂಡದಂಥ ಜ್ವರ, ಉಸಿರೆಳೆದರೆ ಪಕ್ಕೆಯಲ್ಲಿ ಚುಚ್ಚುವ ನೋವು. ಇಷ್ಟಾದರೂ ವೈದ್ಯರ ಬಳಿಗೆ ಹೋಗದೆ, ಔಷಧದಂಗಡಿಯ ಮುಂದೆ ನಿಂತು "ಆ ಮೂರು ಮಾತ್ರೆಯದು ಕೊಡಿ" ಎನ್ನುವವರು ಅನಕ್ಷರಸ್ಥರಲ್ಲ, ಪದವೀಧರರು. ನಮ್ಮ ಬಂಧುಗಳಲ್ಲೂ ಇದ್ದಾರೆ, ಈ ಪುಟ ಓದುವವರಲ್ಲೂ ಇದ್ದೀರಿ. ಅಜಿತ್ರೋಮೈಸಿನ್ ಎಂಬ ಹೆಸರನ್ನು ತಡವರಿಸದೆ ಉಚ್ಚರಿಸಬಲ್ಲಿರಿ. ಅದು ಯಾವುದರ ಮೇಲೆ ಕೆಲಸ ಮಾಡುತ್ತದೆಂದು ಕೇಳಿದರೆ ಮೌನ.

ನ್ಯುಮೋನಿಯಾ ಒಂದೇ ರೋಗಾಣುವಿನ ಕೃತ್ಯವಲ್ಲ. ಆಸ್ಪತ್ರೆಯ ಹೊರಗೆ ತಗಲುವ ನ್ಯುಮೋನಿಯಾಕ್ಕೆ ಕಾರಣವಾಗುವ ಬ್ಯಾಕ್ಟೀರಿಯಾಗಳಲ್ಲಿ ಮುಖ್ಯವಾದುದು ನ್ಯುಮೋಕಾಕಸ್. 1881ರಲ್ಲಿ ಪಾಶ್ಚರ್ ಮತ್ತು ಸ್ಟರ್ನ್‌ಬರ್ಗ್ ಬೇರೆ ಬೇರೆಯಾಗಿ ಕಂಡುಕೊಂಡದ್ದು. ಇನ್‌ಫ್ಲುಯೆಂಜಾ, ಕೊರೊನಾದಂಥ ವೈರಸ್‌ಗಳೂ ಇದನ್ನು ತರುತ್ತವೆ. ಅವುಗಳ ಮುಂದೆ ಯಾವ ಆಂಟಿಬಯಾಟಿಕ್ಕೂ ನಿರುಪಯೋಗಿ. ಮೈಕೋಪ್ಲಾಸ್ಮಾಕ್ಕೆ ಕೋಶಭಿತ್ತಿಯೇ ಇಲ್ಲ. ಕೋಶಭಿತ್ತಿಯನ್ನು ಕೆಡಿಸಿ ಕೊಲ್ಲುವ ಅಮಾಕ್ಸಿಸಿಲಿನ್ ಅಲ್ಲಿ ಏನನ್ನು ಕೆಡಿಸೀತು? (ಜೀವಕೋಶದ ಚಿತ್ರವನ್ನು ಬರೆಸಿದ್ದು ಬರಿಯ ಅಂಕಗಳಿಗಾಗಿ ಅಲ್ಲ.) ಅತ್ತ ಅಜಿತ್ರೋಮೈಸಿನ್‌ಗೆ ಬಗ್ಗದ ನ್ಯುಮೋಕಾಕಸ್ ತಳಿಗಳೂ ಬೆಳೆದಿವೆ.

ಲೆವೊಫ್ಲಾಕ್ಸಾಸಿನ್ ವಿಷಯ ಇನ್ನೂ ಘೋರ. ಅದು ಕ್ಷಯದ ರೋಗಾಣುವನ್ನೂ ತಕ್ಕಮಟ್ಟಿಗೆ ಅದುಮುತ್ತದೆ. ಕ್ಷಯವನ್ನೇ ನ್ಯುಮೋನಿಯಾ ಎಂದು ಬಗೆದು ನುಂಗಿದರೆ ನಾಲ್ಕು ದಿನ ಜ್ವರ ಇಳಿಯಬಹುದು, ಕಫದ ಪರೀಕ್ಷೆಯಲ್ಲಿ ರೋಗ ಸಿಗದೆಯೂ ಹೋಗಬಹುದು. ಅಷ್ಟರಲ್ಲಿ ಮನೆಮಂದಿಗೆ ಹರಡಿರುತ್ತದೆ. ಕ್ಷಯ ಇಷ್ಟೊಂದಿರುವ ನಮ್ಮ ದೇಶದಲ್ಲಿ ಇದನ್ನು ನಾನು ಅಪರಾಧವೆಂದೇ ಕರೆಯುತ್ತೇನೆ.

2014ರ ಮಾರ್ಚ್‌ನಿಂದ ಜಾರಿಯಲ್ಲಿರುವ ಎಚ್-1 ಅನುಸೂಚಿಯ ಪ್ರಕಾರ, ಲೆವೊಫ್ಲಾಕ್ಸಾಸಿನ್ ಮಾರಿದರೆ ವೈದ್ಯರ ಹೆಸರನ್ನೂ ರೋಗಿಯ ಹೆಸರನ್ನೂ ಪ್ರತ್ಯೇಕ ಪುಸ್ತಕದಲ್ಲಿ ಬರೆದು 3 ವರ್ಷ ಕಾಪಾಡಬೇಕು. ಅಂಗಡಿ ನಡೆಸುವ ನನ್ನ ವಿದ್ಯಾರ್ಥಿಗಳೇ, ಆ ಪುಸ್ತಕವೆಲ್ಲಿ? "ನಾವು ಕೊಡದಿದ್ದರೆ ಪಕ್ಕದವರು ಕೊಡುತ್ತಾರೆ ಮೇಷ್ಟ್ರೇ" ಎಂಬ ಉತ್ತರ ಬೇಡ. ಪರೀಕ್ಷೆಯಲ್ಲಿ ನಕಲು ಮಾಡಿ ಸಿಕ್ಕಿಬಿದ್ದವರೂ ಪಕ್ಕದವನನ್ನೇ ತೋರಿಸುತ್ತಿದ್ದರು.

ಹಾಗೆಂದು ಮಾತ್ರೆಗೆ ಹೆದರಿ ಕಷಾಯ ಕುಡಿದು ಕುಳಿತಿರಿ ಎಂದು ನಾನು ಹೇಳುತ್ತಿಲ್ಲ. ಬ್ಯಾಕ್ಟೀರಿಯಾದ ನ್ಯುಮೋನಿಯಾದಲ್ಲಿ ಔಷಧ ತಡವಾದರೆ ಪ್ರಾಣಕ್ಕೇ ಎರವು. ನನ್ನ ವಯಸ್ಸಿನವರಲ್ಲಿ ಜ್ವರವೇ ಕಾಣದೆ ಬರಿಯ ಮಂಕು, ಗೊಂದಲ ತೋರಬಹುದು. ಉಸಿರು ನಿಮಿಷಕ್ಕೆ 30 ಮುಟ್ಟಿತೆಂದರೆ ಆಸ್ಪತ್ರೆಗೇ ಒಯ್ಯಬೇಕು. ವೈದ್ಯರು ಎದೆ ಪರೀಕ್ಷಿಸಿ, ಎಕ್ಸ್‌ರೇ ನೋಡಿ ಬರೆದರೆ, ಬೇರೆ ಕಾಯಿಲೆಯಿಲ್ಲದವರಿಗೆ ಹಳೆಯ, ಅಗ್ಗದ ಅಮಾಕ್ಸಿಸಿಲಿನ್ 5 ದಿನಕ್ಕೆ ಎಷ್ಟೋ ವೇಳೆ ಸಾಕಾಗುತ್ತದೆ. "ಇನ್ನೂ ಸ್ಟ್ರಾಂಗ್ ಆದದ್ದು ಬರೆಯಿರಿ" ಎಂದು ಅವರನ್ನು ಪೀಡಿಸಬೇಡಿ. ಎರಡನೆಯ ದಿನವೇ ಜ್ವರ ಇಳಿಯಿತೆಂದು ಉಳಿದ ಮಾತ್ರೆಗಳನ್ನು ಮೊಮ್ಮಗುವಿನ ಮುಂದಿನ ಕೆಮ್ಮಿಗೆಂದು ಡಬ್ಬಿಯಲ್ಲಿ ಎತ್ತಿಡಲೂ ಬೇಡಿ.