ಯಾರ ಯೋಜನ?

ಹನುಮಂತನು ನೂರು ಯೋಜನ ಸಮುದ್ರವನ್ನು ಲಂಘಿಸಿದ ಕಥೆಯನ್ನು ಕೇಳಿ ಬೆಳೆದವರು ನಾವು. ಆದರೆ ಯೋಜನವೆಂದರೆ ಎಷ್ಟು ದೂರ?

‘ಯುಜ್’ ಎಂಬ ಧಾತುವಿಗೆ ಕೂಡಿಸು, ನೊಗಕ್ಕೆ ಹೂಡು ಎಂಬ ಅರ್ಥವಿದೆ. ಒಮ್ಮೆ ಹೂಡಿದ ಪಶುಗಳು ನೊಗ ಬಿಚ್ಚುವವರೆಗೆ ಕ್ರಮಿಸುವ ದೂರವೇ ಯೋಜನ. ಎತ್ತಿನ ಬಲವಾಗಲಿ ದಾರಿಯ ಏರಿಳಿತವಾಗಲಿ ಎಲ್ಲೆಡೆ ಒಂದೇ ಸಮನಿರುವುದುಂಟೆ? ಅಳತೆಯೂ ಗ್ರಂಥದಿಂದ ಗ್ರಂಥಕ್ಕೆ ಬದಲಾಯಿತು. ಭೂಮಿಯ ವ್ಯಾಸವನ್ನು ಆರ್ಯಭಟನು 1050 ಯೋಜನವೆಂದರೆ ಸೂರ್ಯಸಿದ್ಧಾಂತವು 1600 ಎನ್ನುತ್ತದೆ. ಭೂಮಿ ಅದೇ, ಯೋಜನ ಬೇರೆ. ಇಂದು ತಿಳಿದಿರುವ 12,742 ಕಿ.ಮೀ. ವ್ಯಾಸವನ್ನು ಭಾಗಿಸಿದರೆ ಮೊದಲನೆಯದು ಸುಮಾರು 12 ಕಿ.ಮೀ., ಎರಡನೆಯದು 8.

ವಿಜಯನಗರದ ಬುಕ್ಕರಾಯನ ಆಶ್ರಯದಲ್ಲಿದ್ದ ಸಾಯಣಾಚಾರ್ಯರು ತಮ್ಮ ಋಗ್ವೇದ ಭಾಷ್ಯದಲ್ಲಿ, ಸೂರ್ಯನು ಅರ್ಧ ನಿಮೇಷಕ್ಕೆ 2202 ಯೋಜನ ಸಾಗುವನೆಂಬ ಮಾತನ್ನು ಉದಾಹರಿಸಿದ್ದಾರೆ. ಇದೇ ಬೆಳಕಿನ ವೇಗವೆಂದು ಸಾರುವವರು ಯೋಜನಕ್ಕೆ ಸುಮಾರು 14.5 ಕಿ.ಮೀ. ಹಿಡಿಯುತ್ತಾರೆ. ಆಗ ಸೆಕೆಂಡಿಗೆ ಮೂರು ಲಕ್ಷ ಕಿ.ಮೀ. ಬಂದೇ ಬರುತ್ತದೆ! ನಿಮೇಷದ ಮಾನವನ್ನು ಹಾಗೆಯೇ ಇಟ್ಟುಕೊಂಡು ಆರ್ಯಭಟನ ಯೋಜನವನ್ನು ಹಿಡಿದರೆ ಎರಡೂವರೆ ಲಕ್ಷ. ಸೂರ್ಯಸಿದ್ಧಾಂತದ್ದನ್ನು ಹಿಡಿದರೆ 1.65 ಲಕ್ಷ ಮಾತ್ರ.

ಪುಸ್ತಕದ ಕೊನೆಯ ಪುಟದಲ್ಲಿ ಉತ್ತರ ನೋಡಿಕೊಂಡು ಲೆಕ್ಕವನ್ನು ಅದಕ್ಕೆ ಹೊಂದಿಸಿದ ವಿದ್ಯಾರ್ಥಿಗೆ ಯಾವ ಉಪಾಧ್ಯಾಯನೂ ಅಂಕ ಕೊಡಲಾರ. ಹಿರಿಯರ ಹೆಸರಿನಲ್ಲಿ ಮಾಡಿದಾಗ ಮಾತ್ರ ಅದು ಸರಿಯಾದೀತೆ? ಭೂಮಿ ಗೋಳವೆಂದರಿತು ಅದರ ವ್ಯಾಸವನ್ನು ಗಣಿಸಿದವರ ಹಿರಿಮೆಗೆ ಇಂಥ ಆಸರೆ ಬೇಕಿಲ್ಲ. ‘ಇದು ಯಾರ ಯೋಜನ?’ ಎಂದು ಮೊದಲು ಕೇಳಿ ಆನಂತರ ಲೆಕ್ಕಕ್ಕೆ ಕೈಹಾಕುವುದೇ ಅವರಿಗೆ ನಾವು ಸಲ್ಲಿಸಬಹುದಾದ ನಿಜವಾದ ಗೌರವ.