ಹೊರಡದ ಕಾರಿನ ರೋಗನಿದಾನ

ನಂಜನಗೂಡಿನಲ್ಲಿಯೂ ತಿರುಮಕೂಡಲು ನರಸೀಪುರದಲ್ಲಿಯೂ ಹಳೆಯ ಮನೆಗಳ ಪಕ್ಕದಲ್ಲಿ, ಹಿಂದೆ ದನ ಕಟ್ಟುತ್ತಿದ್ದ ಕೊಟ್ಟಿಗೆಯ ಮಾಡಿನ ಕೆಳಗೆ, ಒಂದು ಅಂಬಾಸಿಡರನ್ನೋ ಪ್ರೀಮಿಯರ್ ಪದ್ಮಿನಿಯನ್ನೋ ಇಂದಿಗೂ ಕಾಣಬಹುದು. ಉತ್ತರಪಾರದ ಕಾರ್ಖಾನೆಯು ಅಂಬಾಸಿಡರನ್ನು ತಯಾರಿಸುವುದನ್ನು 2014ರಲ್ಲಿ ನಿಲ್ಲಿಸಿತು. ಪದ್ಮಿನಿಯ ತಯಾರಿಕೆಯು ಅದಕ್ಕೆ ಬಹು ಮುಂಚೆಯೇ ನಿಂತಿತ್ತು. ತಂದೆಯ ಕಾಲದ ವಸ್ತುವೆಂಬ ಮಮತೆಯಿಂದ ಅದನ್ನು ಇಟ್ಟುಕೊಂಡಿರುವ ಗೃಹಸ್ಥರು ಮದುವೆಗೋ ಮುಂಜಿಗೋ ಹೊರಟು ಕೀಲಿ ತಿರುಗಿಸುವರು, ಗಾಡಿಯು ಹೊರಡದು. ನೆರೆದವರಲ್ಲಿ ಒಬ್ಬರು ಕೂಡಲೆ, "ಇಂಜಿನು ಮುಗಿಯಿತು, ಬೋರ್ ಮಾಡಿಸಬೇಕು" ಎಂದು ತೀರ್ಪು ಕೊಡುವರು. ಈ ಒಂದು ಮಾತಿನಿಂದ ಎಷ್ಟೋ ಮನೆಗಳ ಉಳಿತಾಯದ ಹಣ ಕರಗಿದೆ. ಎಷ್ಟೋ ಒಳ್ಳೆಯ ಗಾಡಿಗಳು ಗುಜರಿಗೆ ಹೋಗಿವೆ.

ನಮ್ಮ ವೈದ್ಯಶಾಸ್ತ್ರವು ರೋಗವನ್ನು ತಿಳಿಯುವುದಕ್ಕೆ ನಿದಾನ, ಪೂರ್ವರೂಪ, ರೂಪ, ಉಪಶಯ, ಸಂಪ್ರಾಪ್ತಿ ಎಂದು ಐದು ಸಾಧನಗಳನ್ನು ಹೇಳುತ್ತದೆ. ಇವುಗಳಲ್ಲಿ ಉಪಶಯವೆಂದರೆ, ಸಂದೇಹವಿರುವಲ್ಲಿ ಸ್ವಲ್ಪ ಔಷಧವನ್ನು ಕೊಟ್ಟು ಗುಣ ಕಂಡಿತೆ ಇಲ್ಲವೆ ಎಂದು ನೋಡಿ ರೋಗವನ್ನು ನಿರ್ಣಯಿಸುವುದು. ಇದೇ ಉಪಾಯವು ಮೋಟಾರಿನ ವಿಷಯದಲ್ಲಿಯೂ ಹೇಗೆ ಒದಗುವುದೆಂಬುದನ್ನು ಮುಂದೆ ವಾಚಕರು ಕಾಣುವರು.

ಮೊದಲು ಸುಲಭವಾದುದನ್ನು ನೋಡತಕ್ಕದ್ದು. ಮುಂದಿನ ದೀಪಗಳನ್ನು ಹಚ್ಚಿ ಸೆಲ್ಫನ್ನು ಒತ್ತಿರಿ. ದೀಪವು ಪೂರ್ತಿ ಮಂಕಾದರೆ ಬ್ಯಾಟರಿಯು ಬತ್ತಿರಬೇಕು, ಇಲ್ಲವೆ ಅದರ ತುದಿಗಳಿಗೆ ಬಿಳಿಯ ಕಿಲುಬು ಹಿಡಿದಿರಬೇಕು. ಬಿಸಿನೀರು, ತಂತಿಯ ಬ್ರಷ್ಷುಗಳಿಂದಲೇ ಎಷ್ಟೋ ವೇಳೆ ಕೆಲಸ ಮುಗಿಯುವುದು. ದೀಪವು ಕುಂದದೆ ಇಂಜಿನೂ ಅಲುಗದಿದ್ದರೆ ದೋಷವು ಸೆಲ್ಫಿನಲ್ಲಿ ಅಥವಾ ಅದರ ತಂತಿಯಲ್ಲಿದೆ. ಇಂಜಿನು ಚೆನ್ನಾಗಿ ತಿರುಗಿಯೂ ಹೊತ್ತಿಕೊಳ್ಳದಿದ್ದರೆ ಕಿಡಿಯನ್ನು ನೋಡಬೇಕು. ಒಂದು ಪ್ಲಗ್ಗನ್ನು ಬಿಚ್ಚಿ, ಅದರ ಲೋಹಭಾಗವು ಇಂಜಿನಿಗೆ ತಾಗುವಂತೆ, ಪೆಟ್ರೋಲಿನ ಕೊಳವೆಗೆ ದೂರವಾಗಿ ಇಟ್ಟು ತಿರುಗಿಸಿದರೆ ನೀಲಿಯ ಬಲವಾದ ಕಿಡಿ ಹಾರಬೇಕು. ಹಳದಿಯ ಸೊರಗಿದ ಕಿಡಿಯಾದರೆ ಪಾಯಿಂಟು, ಕಂಡೆನ್ಸರುಗಳನ್ನು ಪರೀಕ್ಷಿಸಿರಿ. ಬಿಚ್ಚಿದ ಪ್ಲಗ್ಗು ತೇವವಾಗಿದ್ದರೆ ಪೆಟ್ರೋಲು ಬರುತ್ತಿದೆ. ಒಣಗಿದ್ದರೆ ಪಂಪಿನ ಕಡೆಗೆ ಗಮನ ಕೊಡಬೇಕು. ತಂತಿಗಳನ್ನು ಮತ್ತೆ ಸಿಕ್ಕಿಸುವಾಗ ಈ ಎರಡು ಗಾಡಿಗಳಲ್ಲಿಯೂ ಕಿಡಿಯ ಕ್ರಮವು 1, 3, 4, 2 ಎಂಬುದನ್ನು ಮರೆಯಲಾಗದು.

ಕಿಡಿಯೂ ಪೆಟ್ರೋಲೂ ಸರಿಯಾಗಿದ್ದು ಗಾಡಿಯು ಹೊರಡದಿದ್ದರೆ, ಇಲ್ಲವೆ ಕುಂಟುತ್ತ ನಡೆದರೆ, ಆಗ ಕಂಪ್ರೆಷನ್ನಿನ ವಿಚಾರ. ಜರ್ಮನಿಯ ಆಟೋ ಎಂಬಾತನು 1876ರಲ್ಲಿ ನಡೆಸಿ ತೋರಿಸಿದ ನಾಲ್ಕು ನಡೆಯ ಇಂಜಿನಿನಲ್ಲಿ ಪಿಸ್ಟನ್ನು ಹೊಗೆಯನ್ನು ಹೊರದೂಡುವುದಕ್ಕೆ ಮುಂಚೆ ಗಾಳಿಯನ್ನೂ ಪೆಟ್ರೋಲಿನ ಆವಿಯನ್ನೂ ಒಳಗೆಳೆದು, ಬಲವಾಗಿ ಒತ್ತಿ, ಉರಿಸುತ್ತದೆ. ಪ್ರಾಣಾಯಾಮ ಬಲ್ಲವರಿಗೆ ಪೂರಕ, ಕುಂಭಕ, ರೇಚಕಗಳ ಹೋಲಿಕೆ ಹೊಳೆದೀತು. ಒತ್ತಿದ ಗಾಳಿಯು ಎಲ್ಲಿಯಾದರೂ ಸೋರಿಹೋದರೆ ಉರಿಗೆ ಬಲವಿಲ್ಲ.

ಇದನ್ನು ಕಿವಿಯಿಂದಲೇ ಅರ್ಧ ತಿಳಿಯಬಹುದು. ಕಾಯಿಲಿನ ತಂತಿಯನ್ನು ಕಳಚಿ ಸೆಲ್ಫಿನಿಂದ ತಿರುಗಿಸಿದಾಗ ನಾಲ್ಕು ಏಟುಗಳೂ ಸಮನಾಗಿ ಕೇಳಿಸಬೇಕು. ಪದ್ಯದಲ್ಲಿ ಒಂದು ಮಾತ್ರೆ ತಪ್ಪಿದಂತೆ ಒಂದು ಏಟು ಹಗುರಾಗಿ ಜಾರಿದರೆ ಆ ಸಿಲಿಂಡರು ಸೋರುತ್ತಿದೆ. ಸ್ಟಾರ್ಟಿಂಗ್ ಹ್ಯಾಂಡಲು ಇರುವ ಹಳೆಯ ಗಾಡಿಗಳಲ್ಲಿ ಕೈಗೇ ಈ ವ್ಯತ್ಯಾಸವು ತಿಳಿಯುತ್ತದೆ. ಹೆಬ್ಬೆರಳನ್ನು ಇತರ ಬೆರಳುಗಳ ಪಕ್ಕದಲ್ಲಿಯೇ ಇಡಬೇಕು; ಹಿಡಿಯನ್ನು ಸುತ್ತಿ ಹಿಡಿದರೆ, ಹ್ಯಾಂಡಲು ಹಿಂದಕ್ಕೆ ಒದೆದಾಗ ಮೂಳೆ ಮುರಿದೀತು.

ನಿಶ್ಚಯಕ್ಕೆ ಗೇಜು ಬೇಕು. ಇಂಜಿನು ಹೊರಡುವಂತಿದ್ದರೆ ಮೊದಲು ಬಿಸಿ ಮಾಡಿ, ನಾಲ್ಕು ಪ್ಲಗ್ಗುಗಳನ್ನೂ ತೆಗೆದು, ಆಕ್ಸಿಲರೇಟರನ್ನು ಪೂರ್ತಿ ಒತ್ತಿ ಹಿಡಿದು, ಒಂದೊಂದು ಸಿಲಿಂಡರಿಗೂ ನಾಲ್ಕೈದು ಏಟು ಬೀಳುವಷ್ಟು ತಿರುಗಿಸಬೇಕು. ಆಕ್ಸಿಲರೇಟರನ್ನು ಒತ್ತದೆ ಅಳೆದ ಅಂಕಿಯು ಸುಳ್ಳು ಅಂಕಿ. ಬ್ಯಾಟರಿಯು ಸೊರಗಿದ್ದರೂ ಹಾಗೆಯೇ. ನರಸೀಪುರದ ಪರಿಚಿತರೊಬ್ಬರ ಅಂಬಾಸಿಡರಿಗೆ ಬೋರಿಂಗ್ ಆಗಲೇಬೇಕೆಂದು ಒಂದು ಗ್ಯಾರೇಜಿನಲ್ಲಿ ಹೇಳಿದ್ದರು. ಅಳೆದು ನೋಡಲು, ಚದರ ಅಂಗುಲಕ್ಕೆ ಕ್ರಮವಾಗಿ 125, 120, 70, 122 ಪೌಂಡು ಬಂದಿತು. ಮೂರು ಸಿಲಿಂಡರು ದೃಢವಾಗಿರುವಾಗ ಇಂಜಿನಿಗೆಲ್ಲ ಬೋರಿಂಗ್ ಏತಕ್ಕೆ? ಇಲ್ಲಿಯೇ ಉಪಶಯ. ಮೂರನೆಯ ಸಿಲಿಂಡರಿಗೆ ಪ್ಲಗ್ಗಿನ ರಂಧ್ರದಿಂದ ಒಂದು ಸಣ್ಣ ಚಮಚ ಇಂಜಿನ್ ಆಯಿಲ್ ಬಿಟ್ಟು ಮತ್ತೆ ಅಳೆದರು. ಎಣ್ಣೆಯು ರಿಂಗಿನ ಸಂದನ್ನು ತಾತ್ಕಾಲಿಕವಾಗಿ ಮುಚ್ಚುತ್ತದೆ. ಆದುದರಿಂದ ಅಂಕಿಯು ಚೆನ್ನಾಗಿ ಏರಿದರೆ ರಿಂಗೋ ಸಿಲಿಂಡರೋ ಸವೆದಿದೆಯೆಂದೂ, ಏರದಿದ್ದರೆ ಸೋರಿಕೆಯು ವಾಲ್ವಿನಲ್ಲಿ ಅಥವಾ ಹೆಡ್ ಗ್ಯಾಸ್ಕೆಟ್ಟಿನಲ್ಲಿದೆಯೆಂದೂ ಅರ್ಥ. ಅಂಕಿಯು 75ಕ್ಕೆ ನಿಂತಿತು. ಒತ್ತಿನ ಎರಡು ಸಿಲಿಂಡರುಗಳು ಒಟ್ಟಿಗೆ ಇಳಿದಿದ್ದರೆ ಗ್ಯಾಸ್ಕೆಟ್ಟನ್ನು ಶಂಕಿಸಬಹುದಾಗಿತ್ತು, ಇಲ್ಲಿ ಹಾಗಿಲ್ಲ. ಟ್ಯಾಪೆಟ್ಟಿನ ಮುಚ್ಚಳ ತೆಗೆದು ನೋಡಲು, ಹೊಗೆ ಹೊರಬೀಳುವ ವಾಲ್ವಿಗೆ ಸಂದೇ ಉಳಿದಿರಲಿಲ್ಲ. ಸಂದನ್ನು ಸರಿಪಡಿಸಿದ ಮೇಲೆ 108 ಬಂದಿತು. ಮುಂದೆ ಹೆಡ್ಡನ್ನು ಮಾತ್ರ ಬಿಚ್ಚಿ ವಾಲ್ವಿಗೆ ಗಟ್ಟಿಯ ಸೀಟನ್ನು ಕೂರಿಸಿದರು. ಬೋರಿಂಗಿನ ಮಾತೇ ಬರಲಿಲ್ಲ.

ಸಂದು ಏಕೆ ಹೋಯಿತೆಂಬುದೂ ತಿಳಿಯತಕ್ಕ ವಿಷಯವೇ. ಹಿಂದೆ ಪೆಟ್ರೋಲಿನಲ್ಲಿ ಸೀಸವನ್ನು ಬೆರೆಸುತ್ತಿದ್ದರು. ಅದರ ತೆಳುವಾದ ಲೇಪವು ಎರಕದ ಕಬ್ಬಿಣದ ಹೆಡ್ಡಿನಲ್ಲಿ ವಾಲ್ವಿನ ಪೀಠವನ್ನು ಕಾಪಾಡುತ್ತಿತ್ತು. 2000ದಲ್ಲಿ ದೇಶದಲ್ಲೆಲ್ಲ ಸೀಸರಹಿತ ಪೆಟ್ರೋಲು ಬಂದಿತು. ಮಕ್ಕಳ ಮೆದುಳಿಗೆ ಸೀಸವು ವಿಷವಾದುದರಿಂದ ಅದು ಆಗಬೇಕಾದ ಕಾರ್ಯವೇ. ಆದರೆ ಹಳೆಯ ಇಂಜಿನಿನ ಪೀಠವು ಸವೆದು ವಾಲ್ವು ಒಳಗಿಳಿಯುತ್ತದೆ, ಟ್ಯಾಪೆಟ್ಟಿನ ಸಂದು ಕುಗ್ಗುತ್ತದೆ. ಬೆಳಗ್ಗೆ ಹೊರಟ ಗಾಡಿಯು ಬಿಸಿಯಾದ ಮೇಲೆ ಹೊರಡದಿರುವುದಕ್ಕೆ ಇದೂ ಒಂದು ಕಾರಣ.

ಈಗಿನ ಪೆಟ್ರೋಲಿನಲ್ಲಿ ಶೇಕಡಾ 20ರ ವರೆಗೆ ಎಥನಾಲ್ ಇರುತ್ತದೆ. ನಮ್ಮ ಸೀಮೆಯ ಕಬ್ಬಿನ ಬೆಳೆಗಾರನಿಗೆ ಇದರಿಂದ ಲಾಭವಿರಬಹುದು. ಹಳೆಯ ರಬ್ಬರಿನ ಕೊಳವೆಗೂ ಪಂಪಿನ ಪೊರೆಗೂ ಇದು ಹಿತವಲ್ಲ. ಅಲ್ಲದೆ ಎಥನಾಲ್ ತೇವವನ್ನು ಸೆಳೆಯುವುದರಿಂದ, ತಿಂಗಳುಗಟ್ಟಲೆ ನಿಂತ ಗಾಡಿಯ ಟ್ಯಾಂಕಿನ ತಳದಲ್ಲಿ ನೀರು ಸೇರುವುದುಂಟು. ಅಂತಹ ಪೆಟ್ರೋಲನ್ನು ಚೆಲ್ಲಿ ಹೊಸದನ್ನು ಹಾಕಿ ನೋಡುವ ಮುಂಚೆ ಇಂಜಿನನ್ನು ದೂಷಿಸುವುದು ಯುಕ್ತವಲ್ಲ. ಬೇಸಗೆಯ ಮಧ್ಯಾಹ್ನ ಮೈಸೂರಿನ ದಾರಿಯಲ್ಲಿ ನಿಂತುಹೋದರೆ, ಪಂಪಿನ ಮೇಲೆ ಒದ್ದೆಯ ಬಟ್ಟೆಯನ್ನು ಹಾಕಿ ಅರ್ಧ ಗಂಟೆ ನೆರಳಿನಲ್ಲಿ ಕುಳಿತುಕೊಳ್ಳಿರಿ. ಕೊಳವೆಯಲ್ಲಿ ಆವಿಯಾದ ಪೆಟ್ರೋಲು ಮತ್ತೆ ದ್ರವವಾಗುವುದು.

ಎಣ್ಣೆ ಬಿಟ್ಟು ಪರೀಕ್ಷಿಸಿದ ಇಂಜಿನು ಮೊದಲ ಸಲ ಹೊರಟಾಗ ಕೆಲವು ನಿಮಿಷ ನೀಲಿಯ ಹೊಗೆಯನ್ನು ಕಾರುವುದು. ಮನೆಯವರನ್ನು ಆಗ ಹಿಂದುಗಡೆ ನಿಲ್ಲಿಸಬೇಡಿರಿ. ಮಡಿಬಟ್ಟೆ ಒಣಗಹಾಕಿದ್ದರೆ ಮೊದಲೇ ತೆಗೆಯಿಸಿರಿ.