ಆಗತ್ತೆ ಸಾರ್, ಹಾಕ್ಕೊಳ್ಳಿ

ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಕಾರಿನ ಬಿಡಿಭಾಗ ಕೊಳ್ಳಲು ಹೋದವರಿಗೆಲ್ಲ ಈ ಮಾತು ಪರಿಚಯ ಇದ್ದೇ ಇರುತ್ತೆ. ನೀವು ಹಳೇ ಆಯಿಲ್ ಫಿಲ್ಟರನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಕೊಂಡು ಹೋಗಿರುತ್ತೀರಿ. ಅಂಗಡಿಯವರು ಅದನ್ನು ತಿರುಗಿಸಿ ನೋಡಿ, ಒಳಗೆ ಹೋಗಿ, ಬೇರೆ ಬಣ್ಣದ, ಬೇರೆ ಹೆಸರಿನ ಒಂದು ಡಬ್ಬಿ ತಂದು, ಎರಡನ್ನೂ ಅಕ್ಕಪಕ್ಕ ನಿಲ್ಲಿಸಿ, "ಆಗತ್ತೆ ಸಾರ್, ಹಾಕ್ಕೊಳ್ಳಿ" ಅನ್ನುತ್ತಾರೆ. ಅವರು ಸುಳ್ಳು ಹೇಳುತ್ತಿರುವುದಿಲ್ಲ. ನಿಜವಾಗಿಯೂ ಆಗುತ್ತೆ. ಥ್ರೆಡ್ ಕೂಡುತ್ತೆ, ರಬ್ಬರ್ ವಾಷರ್ ಕೂರುತ್ತೆ, ಆಯಿಲ್ ಸೋರಲ್ಲ. ನನ್ನ ತಕರಾರು ಇರೋದು ಆ "ಆಗತ್ತೆ" ಅನ್ನೋ ಪದದ ಮೇಲೇ.

ನಾವು ಸಾಫ್ಟ್‌ವೇರಿನವರು ಇದನ್ನು ದಿನಾ ನೋಡುತ್ತೇವೆ. ಒಂದು ಲೈಬ್ರರಿ ತೆಗೆದು ಅದರ ಜಾಗಕ್ಕೆ ಇನ್ನೊಂದನ್ನು ಹಾಕಿದಾಗ ಕಂಪೈಲ್ ಆಯಿತು ಅಂದರೆ ಫಂಕ್ಷನ್ ಹೆಸರುಗಳು ಹೊಂದಿದವು ಅಂತ ಮಾತ್ರ ಅರ್ಥ. ಒಳಗಿನ ನಡವಳಿಕೆ ಹೊಂದಿತೋ ಇಲ್ಲವೋ ಗೊತ್ತಾಗೋದು ರಾತ್ರಿ ಎರಡು ಗಂಟೆಗೆ ಪ್ರೊಡಕ್ಷನ್ ಸರ್ವರ್ ಮಲಗಿದಾಗ. ಬಾರ್ಬರಾ ಲಿಸ್ಕೋವ್ 1987ರಲ್ಲೇ ಇದರ ಬಗ್ಗೆ ಭಾಷಣ ಮಾಡಿದ್ದರು: ಒಂದರ ಬದಲಿಗೆ ಇನ್ನೊಂದನ್ನು ಇಟ್ಟಾಗ ಅದನ್ನು ಬಳಸುವ ಪ್ರೋಗ್ರಾಮಿನ ನಡವಳಿಕೆ ಬದಲಾಗದೆ ಇದ್ದರೆ ಮಾತ್ರ ಅದು ಸರಿಯಾದ ಬದಲಿ ಅಂತ. ಆಯಿಲ್ ಫಿಲ್ಟರಿನ ವಿಷಯದಲ್ಲಿ ಥ್ರೆಡ್ ಮತ್ತು ವಾಷರ್ ಬರೀ ಹೆಸರು. ನಡವಳಿಕೆಯೆಲ್ಲ ತಗಡಿನ ಡಬ್ಬಿಯ ಒಳಗಿದೆ. ಅದನ್ನು ಬಿಚ್ಚಿ ನೋಡೋ ಹಾಗಿಲ್ಲ.

ಒಳಗೆ ಏನಿದೆ ಅಂತ ಸ್ವಲ್ಪ ಹೇಳಿಬಿಡುತ್ತೇನೆ. ಫಿಲ್ಟರಿನ ಬಾಯಿಯ ಸುತ್ತ ಇರುವ ಸಣ್ಣ ಸಣ್ಣ ತೂತುಗಳಿಂದ ಆಯಿಲ್ ಒಳಗೆ ಹೋಗಿ, ಮಡಿಕೆ ಮಡಿಕೆಯಾಗಿರುವ ಕಾಗದವನ್ನು ದಾಟಿ, ನಡುವಿನ ದೊಡ್ಡ ತೂತಿನಿಂದ ಹೊರಬಂದು ಬೇರಿಂಗುಗಳಿಗೆ ಹೋಗುತ್ತೆ. ಈಗಿನ ಕಾರುಗಳಲ್ಲಿ ಪಂಪಿನಿಂದ ಬರುವ ಎಲ್ಲಾ ಆಯಿಲ್ ಇದೇ ದಾರಿಯಲ್ಲಿ ಹೋಗಬೇಕು. ಮನೆಯ ಕಾಫಿ ಫಿಲ್ಟರ್ ನೆನೆಸಿಕೊಳ್ಳಿ. ಪುಡಿ ತೀರಾ ನುಣ್ಣಗಿದ್ದು ಮೇಲಿಂದ ಒತ್ತಿಬಿಟ್ಟರೆ ಡಿಕಾಕ್ಷನ್ ಇಳಿಯೋದೇ ಇಲ್ಲ, ನಾವು ಪೇಪರ್ ಓದುತ್ತಾ ಕಾಯುತ್ತೇವೆ. ಎಂಜಿನ್ನಿಗೆ ಕಾಯೋಕೆ ಆಗಲ್ಲ. ಬೆಳಗಿನ ಚಳಿಗೆ ಆಯಿಲ್ ಮಂದವಾಗಿರುವಾಗಲೋ, ಕಾಗದದಲ್ಲಿ ಕೊಳೆ ಕಟ್ಟಿಕೊಂಡಾಗಲೋ ಆಯಿಲ್ ಬೇಗ ದಾಟಲ್ಲ. ಆಗ ಫಿಲ್ಟರಿನೊಳಗಿನ ಒಂದು ಸ್ಪ್ರಿಂಗ್ ವಾಲ್ವ್ ತೆರೆದುಕೊಂಡು ಸೋಸದ ಆಯಿಲನ್ನೇ ನೇರ ಬಿಡುತ್ತೆ. ಇದು ಬೈಪಾಸ್ ವಾಲ್ವ್. ಆಯಿಲ್ ಇಲ್ಲದೇ ಒಣಗಿ ಓಡೋದಕ್ಕಿಂತ ಕೊಳೆ ಆಯಿಲಾದರೂ ವಾಸಿ ಅನ್ನೋ ಲೆಕ್ಕ.

ಈ ವಾಲ್ವ್ ಎಷ್ಟು ಒತ್ತಡಕ್ಕೆ ತೆರೆಯಬೇಕು ಅನ್ನೋದನ್ನು ಎಂಜಿನ್ ಮಾಡಿದವರು ತೀರ್ಮಾನಿಸಿರುತ್ತಾರೆ. ಕೆಲವದರಲ್ಲಿ ಒಂದು ಬಾರ್‌ಗಿಂತ ಕಡಿಮೆ, ಕೆಲವದರಲ್ಲಿ ಅದರ ಎರಡು ಪಟ್ಟು. ಕಡಿಮೆ ಒತ್ತಡಕ್ಕೇ ತೆರೆಯುವ ಫಿಲ್ಟರ್ ಹಾಕಿದರೆ ಬೇಡದ ಹೊತ್ತಲ್ಲೂ ಕೊಳೆ ಆಯಿಲ್ ಸುತ್ತುತ್ತೆ. ಸ್ಪ್ರಿಂಗ್ ತೀರಾ ಬಿಗಿಯಾಗಿದ್ದರೆ ಕಾಗದವೇ ಹರಿದು ಹೋಗಬಹುದು. ಇನ್ನೂ ತಮಾಷೆ ಅಂದರೆ, ಕೆಲವು ಎಂಜಿನ್ನುಗಳಲ್ಲಿ ಈ ವಾಲ್ವ್ ಎಂಜಿನ್ ಬ್ಲಾಕಿನಲ್ಲೇ ಇರುತ್ತೆ, ಹಾಗಾಗಿ ಅವುಗಳ ಫಿಲ್ಟರಿನಲ್ಲಿ ಇರೋದೇ ಇಲ್ಲ. ಅಂಥ ಫಿಲ್ಟರನ್ನು ತಂದು ವಾಲ್ವ್ ಬೇಕಾದ ಎಂಜಿನ್ನಿಗೆ ಹಾಕಿದರೂ ಅದು ಚೆನ್ನಾಗೇ ಕೂರುತ್ತೆ. "ಆಗತ್ತೆ ಸಾರ್."

ಎರಡನೆಯದು ಆಯಿಲ್ ವಾಪಸ್ ಇಳಿಯದ ಹಾಗೆ ತಡೆಯುವ ರಬ್ಬರ್ ವಾಲ್ವ್. ಫಿಲ್ಟರ್ ಬಾಯಿ ಮೇಲಾಗಿ ನಿಂತಿದ್ದರೆ ಇದರ ಕೆಲಸ ಕಡಿಮೆ. ಅಡ್ಡಡ್ಡ ಅಥವಾ ತಲೆಕೆಳಗಾಗಿ ಕೂತಿದ್ದರೆ ಇದೇ ಗತಿ. ಇದು ಕೆಟ್ಟದಾಗಿದ್ದರೆ ರಾತ್ರಿಯೆಲ್ಲ ಫಿಲ್ಟರ್ ಖಾಲಿಯಾಗಿ, ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಅದು ಮತ್ತೆ ತುಂಬೋವರೆಗೆ ಎಂಜಿನ್ನಿನ ಮೇಲ್ಭಾಗಕ್ಕೆ ಆಯಿಲ್ ಇಲ್ಲ.

ನನ್ನ ಸಹೋದ್ಯೋಗಿಯೊಬ್ಬ ಕಳೆದ ವರ್ಷ ಸೆಕೆಂಡ್ ಹ್ಯಾಂಡ್ ಕಾರು ತಗೊಂಡ. ಪ್ರತಿ ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಎರಡು ಮೂರು ಸೆಕೆಂಡು ಕಟಕಟ ಅಂತ ಸದ್ದು, ಆಮೇಲೆ ನಿಶ್ಶಬ್ದ. ಒಬ್ಬರು ಟೈಮಿಂಗ್ ಚೈನ್ ಹೋಗಿದೆ ಅಂದರು, ಇನ್ನೊಬ್ಬರು ಟ್ಯಾಪೆಟ್ ಅಂದರು. ಚೈನಿಗೆ ಕೊಟ್ಟ ಅಂದಾಜು ಖರ್ಚು ಕೇಳಿ ಅವನ ಮುಖ ಇಳಿದುಹೋಗಿತ್ತು. ಕೊನೆಗೆ ನಮ್ಮ ಏರಿಯಾದ ವಯಸ್ಸಾದ ಮೆಕ್ಯಾನಿಕ್ ಒಬ್ಬರು ಬಗ್ಗಿ ನೋಡಿ, "ಮೊದಲು ಈ ಫಿಲ್ಟರ್ ತೆಗೆದು ಎಸೀರಿ, ಚೈನ್ ವಿಷಯ ಆಮೇಲೆ ನೋಡೋಣ" ಅಂದರು. ಸರಿಯಾದ ನಂಬರಿನ ಫಿಲ್ಟರ್ ಹಾಕಿದ ಮಾರನೇ ದಿನದಿಂದ ಸದ್ದು ಬಂದ್. ತೆಗೆದ ಫಿಲ್ಟರನ್ನು ಹ್ಯಾಕ್ಸಾದಲ್ಲಿ ಕುಯ್ದು ನೋಡಿದೆವು. ರಬ್ಬರ್ ವಾಲ್ವ್ ಪ್ಲಾಸ್ಟಿಕ್ಕಿನಂತೆ ಗಟ್ಟಿಯಾಗಿ ಸೆಟೆದುಕೊಂಡಿತ್ತು. ಕಾಗದದ ಮಡಿಕೆಗಳು ಒಂದು ಕಡೆ ಒತ್ತೊತ್ತಾಗಿ, ಇನ್ನೊಂದು ಕಡೆ ಬೆರಳು ತೂರುವಷ್ಟು ಅಗಲವಾಗಿ ಇದ್ದವು. ಹೊರಗಿನ ಬಣ್ಣ ಮಾತ್ರ ಫಳಫಳ :)

ಹಾಗಂತ ಥ್ರೆಡ್ ಕೂಡಿತು ಅನ್ನೋದನ್ನೂ ಪೂರ್ತಿ ನಂಬೋ ಹಾಗಿಲ್ಲ. ಹೋಂಡಾ, ಹ್ಯುಂಡೈಗಳ ಬಹಳಷ್ಟು ಪೆಟ್ರೋಲ್ ಕಾರುಗಳ ಫಿಲ್ಟರಿಗೆ 20 ಮಿಲಿಮೀಟರ್ ವ್ಯಾಸ, 1.5 ಮಿಲಿಮೀಟರ್ ಪಿಚ್ ಇರುವ ಥ್ರೆಡ್. ಟೊಯೋಟಾದ ಬಹಳಷ್ಟು ಸ್ಪಿನ್-ಆನ್ ಫಿಲ್ಟರುಗಳದು ಮುಕ್ಕಾಲು ಇಂಚು, ಇಂಚಿಗೆ 16 ಸುತ್ತು. ಅಂದರೆ 19.05 ಮಿಲಿಮೀಟರ್ ವ್ಯಾಸ, ಸುಮಾರು 1.59 ಪಿಚ್. ಕಣ್ಣಿಗೆ ಎರಡೂ ಒಂದೇ. ಮುಕ್ಕಾಲು ಇಂಚಿನ ಸ್ಟಡ್ ಮೇಲೆ 20 ಮಿಲಿಮೀಟರಿನ ಫಿಲ್ಟರ್ ಸಲೀಸಾಗಿ ಹತ್ತುತ್ತೆ, ಸ್ವಲ್ಪ ಬಿಗಿಯಾದ ಹಾಗೂ ಅನಿಸುತ್ತೆ. ಆದರೆ ಥ್ರೆಡ್ಡಿನ ತುದಿಗಳಷ್ಟೇ ಒಂದನ್ನೊಂದು ಹಿಡಿದಿರುತ್ತವೆ. ಒಂದು ಸಣ್ಣ ಲೆಕ್ಕ ಮಾಡಿ. ವಾಷರಿನ ವ್ಯಾಸ 62 ಮಿಲಿಮೀಟರ್ ಅಂದುಕೊಂಡರೆ ಒಳಗಿನ ವಿಸ್ತೀರ್ಣ ಸುಮಾರು 30 ಚದರ ಸೆಂಟಿಮೀಟರ್. ಆಯಿಲ್ ಒತ್ತಡ 4 ಬಾರ್ ಇದ್ದರೆ ಆ ಫಿಲ್ಟರನ್ನು ಹೊರಗೆ ತಳ್ಳುವ ಬಲ ಹತ್ತಿರ ಹತ್ತಿರ 120 ಕೆ.ಜಿ. ಇಬ್ಬರು ದೊಡ್ಡವರು ಅದಕ್ಕೆ ಜೋತುಬಿದ್ದ ಹಾಗೆ. ತುಮಕೂರು ರಸ್ತೆಯಲ್ಲಿ ಹೋಗುವಾಗ ಅದು ಕಿತ್ತುಕೊಂಡರೆ ನೋಡನೋಡುತ್ತ ಮೂರು ಲೀಟರ್ ಆಯಿಲ್ ರಸ್ತೆಯ ಪಾಲು. ಎಂಜಿನ್ ಜಾಮ್.

ಇಲ್ಲಿ ನನಗೆ ಎರಡು ಪಂಗಡದವರ ಮೇಲೂ ಸಿಟ್ಟಿದೆ. "ಶೋರೂಂ ಬಿಟ್ಟು ಎಲ್ಲೂ ಮುಟ್ಟಿಸಬೇಡಿ, ವಾರಂಟಿ ಹೋಗುತ್ತೆ" ಅನ್ನುವವರು ಒಂದು ಕಡೆ. ಕಾರು ಕಂಪನಿಗಳು ಫಿಲ್ಟರುಗಳನ್ನು ಹೆಚ್ಚಾಗಿ ಬೇರೆ ತಯಾರಕರಿಂದಲೇ ಮಾಡಿಸಿಕೊಂಡು ತಮ್ಮ ಡಬ್ಬಿಗೆ ಹಾಕುತ್ತವೆ. ಅಂಥ ತಯಾರಕರು ತಮ್ಮದೇ ಹೆಸರಿನಲ್ಲೂ ಮಾರುತ್ತಾರೆ. ಇನ್ನು ವಾರಂಟಿ ಮಾತು. ಆಗಸ್ಟ್ 2014ರಲ್ಲಿ ಕಾಂಪಿಟಿಷನ್ ಕಮಿಷನ್ ಆಫ್ ಇಂಡಿಯಾ 14 ಕಾರು ಕಂಪನಿಗಳಿಗೆ ಒಟ್ಟು ಸುಮಾರು 2,544 ಕೋಟಿ ರೂಪಾಯಿ ದಂಡ ಹಾಕಿತು. ಬಿಡಿಭಾಗಗಳನ್ನು ಹೊರಗಿನ ಮಾರುಕಟ್ಟೆಯಲ್ಲಿ ಸಿಗದ ಹಾಗೆ ಕಟ್ಟಿಹಾಕಿದ್ದಕ್ಕೆ. ಹೊರಗಿನ ಮೆಕ್ಯಾನಿಕ್ ಹತ್ತಿರ ಹೋದ ಮಾತ್ರಕ್ಕೆ ವಾರಂಟಿ ರದ್ದು ಅಂತ ಸಾರಾಸಗಟಾಗಿ ಷರತ್ತು ಹಾಕಬೇಡಿ ಅಂತಲೂ ಆ ಆದೇಶದಲ್ಲಿತ್ತು. ಕಂಪನಿಗಳು ಸುಮ್ಮನೆ ಒಪ್ಪಲಿಲ್ಲ, ಮೇಲ್ಮನವಿಗೆ ಹೋದವು. ಅದು ದೊಡ್ಡ ಕಥೆ, ಇಲ್ಲಿ ಬೇಡ.

ಇನ್ನೊಂದು ಕಡೆ, "ಎಲ್ಲಾ ಒಂದೇ ಬಿಡಿ ಸಾರ್, ಕಾಗದ ತಾನೇ" ಅನ್ನುವವರು. ಇವರ ಅಂತರ್ಜಾಲದ ರೂಪ ಅಂದರೆ ಅಡ್ಡ-ಪಟ್ಟಿಗಳು: ಈ ಕಂಪನಿಯ ಈ ನಂಬರ್ ಅಂದರೆ ಆ ಕಂಪನಿಯ ಆ ನಂಬರಿಗೆ ಸಮ ಅಂತ ತೋರಿಸುವ ಪುಟಗಳು. ಅ ಫಿಲ್ಟರ್ ಆ ಫಿಲ್ಟರಿಗೆ ಸಮ, ಆ ಫಿಲ್ಟರ್ ಇ ಫಿಲ್ಟರಿಗೆ ಸಮ, ಆದ್ದರಿಂದ ಅ ಮತ್ತು ಇ ಸಮ. ಗಣಿತದಲ್ಲಿ ಸರಿ, ಫಿಲ್ಟರಿನಲ್ಲಿ ತಪ್ಪು. "ಸಮ" ಅಂದರೆ ಇಲ್ಲಿ ಬರೀ "ಹತ್ತಿರ" ಅಂತ. ಒಂದೊಂದು ಹೆಜ್ಜೆಗೂ ಥ್ರೆಡ್, ವಾಷರ್ ಹಾಗೇ ಉಳಿಯುತ್ತೆ, ಬೈಪಾಸ್ ಒತ್ತಡ ಸ್ವಲ್ಪ ಸ್ವಲ್ಪ ಜಾರುತ್ತಾ ಹೋಗುತ್ತೆ. ನಾಲ್ಕನೇ ಹೆಜ್ಜೆಗೆ ಬೇರೇನೋ ಎಂಜಿನ್ನಿನ ಫಿಲ್ಟರ್ ನಿಮ್ಮ ಕೈಯಲ್ಲಿರುತ್ತೆ.

ಎಂಜಿನ್ ಹೆಸರೊಂದನ್ನೇ ನಂಬೋದೂ ಸಾಲದು. ಫಿಯಟ್‌ನ 1.3 ಮಲ್ಟಿಜೆಟ್ ಡೀಸೆಲ್ ಎಂಜಿನ್ ನೋಡಿ. ನಮ್ಮಲ್ಲಿ ಅದು ಮಾರುತಿ ಸ್ವಿಫ್ಟ್‌ನಲ್ಲಿ ಬಂತು, ಟಾಟಾ ಇಂಡಿಕಾ ವಿಸ್ತಾದಲ್ಲಿ ಬಂತು, ಫಿಯಟ್ ಪುಂಟೋದಲ್ಲೂ ಬಂತು. ಅದರ ಫಿಲ್ಟರ್ ತಿರುಗಿಸಿ ಕೂರಿಸುವ ಡಬ್ಬಿಯಲ್ಲ, ಒಂದು ಗೂಡಿನೊಳಗೆ ಇಡುವ ಬರೀ ಕಾಗದದ ಸುರುಳಿ. ಇಂಥದ್ದರಲ್ಲಿ ಉದ್ದ, ಒಳವ್ಯಾಸ, ತುದಿಯ ಸೀಲ್ ಕೂದಲೆಳೆಯಷ್ಟು ವ್ಯತ್ಯಾಸವಾದರೂ ಆಯಿಲ್ ಕಾಗದದ ಪಕ್ಕದಿಂದಲೇ ನುಸುಳಿಬಿಡುತ್ತೆ. ಹೊರಗೆ ಒಂದು ತೊಟ್ಟೂ ಸೋರಲ್ಲ, ನಿಮಗೆ ಗೊತ್ತೂ ಆಗಲ್ಲ. ಡ್ಯಾಶ್‌ಬೋರ್ಡಿನ ಕೆಂಪು ಲೈಟ್ ಆರಿದೆಯಲ್ಲ ಅಂದುಕೊಂಡರೆ, ಅದು ಹೇಳೋದು ಅಷ್ಟಿಷ್ಟು ಒತ್ತಡ ಇದೆ ಅಂತ ಮಾತ್ರ. ಸೋಸಿದ ಆಯಿಲೋ ಸೋಸದ್ದೋ ಅನ್ನೋದು ಅದಕ್ಕೂ ಗೊತ್ತಿಲ್ಲ.

ಹಾಗಾದರೆ ಏನು ಮಾಡಬೇಕು ಅಂತೀರಾ? ನಾನು ಮಾಡೋದು ಹೇಳುತ್ತೇನೆ. ಕಾರಿನ 17 ಅಕ್ಷರಗಳ ಚಾಸಿಸ್ ನಂಬರನ್ನು ಕಂಪನಿಯ ಬಿಡಿಭಾಗದ ಕೌಂಟರಿನಲ್ಲಿ ಕೊಟ್ಟು ಫಿಲ್ಟರಿನ ಪಾರ್ಟ್ ನಂಬರ್ ತಿಳಿದುಕೊಳ್ಳೋದು. ಅಲ್ಲೇ ಕೊಳ್ಳಬೇಕು ಅಂತೇನಿಲ್ಲ, ಆದರೂ ಕೇಳಿದ ಮೇಲೆ ಒಂದಾದರೂ ಕೊಂಡರೆ ಮರ್ಯಾದೆ. ಆ ನಂಬರ್ ಕಾಲಕಾಲಕ್ಕೆ ಬದಲಾಗುತ್ತೆ ಅನ್ನೋದು ನೆನಪಿರಲಿ. ಹ್ಯುಂಡೈನ 26300-35503 ಮುಂದೆ 35504 ಆಗಿ, ಆಮೇಲೆ 35505 ಆಯಿತು. ಹೀಗೆ ಕಂಪನಿಯೇ ಬದಲಾಯಿಸಿದ ನಂಬರನ್ನು ನಂಬಬಹುದು, ಅಂಗಡಿಯವರು ಬಾಯಲ್ಲಿ ಬದಲಾಯಿಸಿದ್ದನ್ನಲ್ಲ. ಹೊರಗಿನ ಫಿಲ್ಟರೇ ಬೇಕು ಅಂದರೆ ಬಾಷ್, ಮಾನ್, ಮಾಹ್ಲೆ ಇಂಥವರ ಸ್ವಂತ ಕ್ಯಾಟಲಾಗಿನಲ್ಲಿ ನಿಮ್ಮ ಕಾರು, ಎಂಜಿನ್, ವರ್ಷ ಹಾಕಿ ಹುಡುಕಿ. ನಂಬರಿನಿಂದ ನಂಬರಿಗೆ ಹಾರೋದು ಬೇಡ. ಕೊಳ್ಳುವಾಗ ಬಾಯಿಯ ಸಣ್ಣ ತೂತುಗಳ ಹಿಂದೆ ರಬ್ಬರ್ ಇದೆಯಾ ಅಂತ ಪೆನ್ನಿನ ತುದಿಯಿಂದ ಮೆತ್ತಗೆ ಒತ್ತಿ ನೋಡಿ. ಸಿಲಿಕೋನಿನದಾದರೆ ಸಾಮಾನ್ಯವಾಗಿ ಕಿತ್ತಳೆ ಅಥವಾ ಕೆಂಪು ಬಣ್ಣ, ಬಿಸಿಗೆ ಬೇಗ ಸೆಟೆಯಲ್ಲ. ನೈಟ್ರೈಲ್ ಸಾಮಾನ್ಯವಾಗಿ ಕಪ್ಪು.

ನನ್ನ ನಿಜವಾದ ಬೇಡಿಕೆ ಇರೋದು ಫಿಲ್ಟರ್ ಮಾಡುವವರ ಹತ್ತಿರ. ಜನೌಷಧಿ ಕೇಂದ್ರದಲ್ಲಿ ಅಗ್ಗದ ಮಾತ್ರೆ ಕೊಳ್ಳಲು ನಮಗೆ ಧೈರ್ಯ ಯಾಕೆ ಬರುತ್ತೆ ಹೇಳಿ? ಪಟ್ಟಿಯ ಮೇಲೆ ಔಷಧದ ಹೆಸರು, ಎಷ್ಟು ಮಿಲಿಗ್ರಾಂ ಅಂತ ಅಚ್ಚಾಗಿರುತ್ತೆ. ಕಂಪನಿ ಯಾವುದಾದರೇನು, ಹೋಲಿಸಬಹುದು. ಫಿಲ್ಟರ್ ಡಬ್ಬಿಯ ಮೇಲೆ ಓಡುವ ಕಾರಿನ ಚಿತ್ರ ಇರುತ್ತೆ, ಬೆಲೆ ಇರುತ್ತೆ, ಕಾರುಗಳ ಹೆಸರಿನ ಪಟ್ಟಿ ಇರುತ್ತೆ. ಬೈಪಾಸ್ ಎಷ್ಟು ಬಾರ್‌ಗೆ ತೆರೆಯುತ್ತೆ, ಥ್ರೆಡ್ ಯಾವುದು, ವಾಪಸ್ ತಡೆಯುವ ವಾಲ್ವ್ ಯಾವ ರಬ್ಬರಿನದು, ಎಷ್ಟು ಮೈಕ್ರಾನಿನ ಕಣವನ್ನು ನೂರಕ್ಕೆ ಎಷ್ಟು ಪಾಲು ಹಿಡಿಯುತ್ತೆ, ಇದು ಹೆಚ್ಚಿನವುಗಳ ಮೇಲೆ ಕಾಣಲ್ಲ. ಕೊನೆಯದನ್ನು ಅಳೆಯಲು ಐಎಸ್ಓ 4548-12 ಅಂತ ಒಪ್ಪಿತ ಪರೀಕ್ಷೆಯೇ ಇದೆ. ನಾಲ್ಕು ಸಾಲು ಅಚ್ಚು ಹಾಕಲು ಎಷ್ಟು ಖರ್ಚು? ಇವು ಇದ್ದರೆ ಒಳ್ಳೇ ಫಿಲ್ಟರ್ ಮಾಡುವ ಸಣ್ಣ ಕಂಪನಿಗೂ ಲಾಭ. ಈಗ ಅದು ಕಳಪೆ ಮಾಲಿನ ಜೊತೆಗೇ ಒಂದೇ ಕಪಾಟಿನಲ್ಲಿ, ಅದೇ "ಆಗತ್ತೆ" ಹೆಸರಿನಲ್ಲಿ ಕೂತಿದೆ.

"ನೂರು ರೂಪಾಯಿ ವಿಷಯಕ್ಕೆ ಇಷ್ಟೊಂದಾ?" ಅಂತ ನನ್ನ ಸ್ನೇಹಿತರೇ ನಗುತ್ತಾರೆ. ನಮ್ಮಂಥವರ ಕಾರು ವಾರಕ್ಕೆರಡು ಸಲ ಹೊರಬರುತ್ತೆ, ನಗಬಹುದು. ಸಾಲ ಮಾಡಿ ಕ್ಯಾಬ್ ಓಡಿಸುವವರಿಗೆ ಆ ಎಂಜಿನ್ನೇ ಅನ್ನ. ಅದು ಬೋರಿಗೆ ಬಂದರೆ ಕಾರು ತಿಂಗಳುಗಟ್ಟಲೆ ಗ್ಯಾರೇಜಿನಲ್ಲಿ, ಕಂತು ಮಾತ್ರ ತಿಂಗಳಿಗೆ ಸರಿಯಾಗಿ ಬಾಗಿಲಿಗೆ. ಕೌಂಟರಿನಲ್ಲಿ ಐವತ್ತು ರೂಪಾಯಿ ಉಳಿಸುವ ಒತ್ತಡ ಇರೋದೂ ಅವರಿಗೇ, ಡಬ್ಬಿಯ ಮೇಲೆ ಮಾಹಿತಿ ಬೇಕಾಗಿರೋದೂ ಅವರಿಗೇ.

ಇನ್ನು ತೀರ್ಥಹಳ್ಳಿಯಂಥ ಊರುಗಳಲ್ಲಿ ಇರುವವರು, ಅಂಗಡಿಯಲ್ಲಿ ಇದ್ದದ್ದನ್ನು ಕೊಳ್ಳಬೇಕಾದವರು, ಶಿವಮೊಗ್ಗಕ್ಕೋ ಬೆಂಗಳೂರಿಗೋ ಬಂದಾಗ ಸರಿಯಾದ ನಂಬರಿನ ಫಿಲ್ಟರ್ ಎರಡು ಒಟ್ಟಿಗೇ ಕೊಂಡಿಟ್ಟುಕೊಳ್ಳಿ. ಬಿಸಿಲು, ಧೂಳು ತಾಗದ ಹಾಗೆ ಡಬ್ಬಿಯಲ್ಲೇ ಇಟ್ಟರೆ ಒಂದೆರಡು ವರ್ಷಕ್ಕೆ ಏನೂ ಆಗಲ್ಲ. ಹಾಕುವಾಗ ಮೆಕ್ಯಾನಿಕ್ ಪಕ್ಕದಲ್ಲೇ ನಿಂತುಕೊಳ್ಳಿ. ಹಳೇ ವಾಷರ್ ಎಂಜಿನ್ನಿಗೇ ಅಂಟಿಕೊಂಡು ಉಳಿದಿಲ್ಲ ತಾನೇ ಅಂತ ನೋಡಿ, ಎರಡು ವಾಷರ್ ಒಂದರ ಮೇಲೊಂದು ಕೂತರೆ ಆಯಿಲ್ ಖಂಡಿತ ಚಿಮ್ಮುತ್ತೆ. ಹೊಸ ವಾಷರಿಗೆ ಒಂದು ಬೆರಳು ಆಯಿಲ್ ಸವರಿ, ಅದು ತಾಗಿದ ಮೇಲೆ ಕೈಯಲ್ಲೇ ಮುಕ್ಕಾಲು ಸುತ್ತು ಸಾಮಾನ್ಯವಾಗಿ ಸಾಕು, ಡಬ್ಬಿಯ ಮೇಲೆ ಬೇರೆ ಹೇಳಿದ್ದರೆ ಹಾಗೆ. ಕೊನೆಗೆ ತಾರೀಕು, ಓಡಿದ ಕಿಲೋಮೀಟರ್, ಪಾರ್ಟ್ ನಂಬರ್ ಮೂರನ್ನೂ ಮಾರ್ಕರ್ ಪೆನ್ನಿನಲ್ಲಿ ಫಿಲ್ಟರಿನ ಮೈಮೇಲೇ ಬರೆದುಬಿಡಿ. ಮುಂದಿನ ಸಲ ಹಳೇ ಫಿಲ್ಟರನ್ನು ಕವರಿನಲ್ಲಿ ಸುತ್ತಿಕೊಂಡು ಹೋಗೋ ಕೆಲಸ ಇರಲ್ಲ.